ತಾನೇ ನುಡಿಯೋ ಪಿಯಾನೋ: ಒಳಗಿರೋ ಫೈಲ್‌ನಲ್ಲಿ ಧ್ವನಿ ಇಲ್ಲ, ಮತ್ತೇನಿದೆ?

ಹೋಟೆಲ್ ಲಾಬಿಯಲ್ಲಿ ದೊಡ್ಡದೊಂದು ಕರಿ ಪಿಯಾನೋ. ಮುಂದಿನ ಸ್ಟೂಲ್ ಖಾಲಿ. ಆದ್ರೂ ಕೀಗಳು ತಾವಾಗೇ ಕೆಳಗೆ ಹೋಗ್ತಿವೆ, ಮೇಲೆ ಬರ್ತಿವೆ, ಹಾಡು ಕೇಳಿಸ್ತಿದೆ. ಇಂಥ ವಿಡಿಯೊ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ್ರೆ ‘ದೆವ್ವ ಇರ್ಬೇಕು’ ಅಂತ ಒಬ್ಬರು ಬರೀತಾರೆ. ‘ಒಳಗೆ ಸ್ಪೀಕರ್ ಇಟ್ಟಿದ್ದಾರೆ, ಕೀ ಕುಣಿಯೋದು ಬರೀ ಶೋ’ ಅಂತ ಇನ್ನೊಬ್ಬರು. ಎರಡೂ ಅಲ್ಲ. ಅಲ್ಲಿ ನಿಜವಾಗಿಯೂ ಸುತ್ತಿಗೆ ತಂತಿಗೆ ಬಡೀತಿದೆ, ತಂತಿ ನಿಜವಾಗಿಯೂ ನುಡೀತಿದೆ. ಬಡಿಯೋಕೆ ಹೇಳ್ತಿರೋದು ಒಂದು ಸಣ್ಣ ಫೈಲ್.

ಇದು ಹೇಗೆ ಅಂತ ಬೇರೆ ಊರಿನವರಿಗೆ ವಿವರಿಸೋದು ಸ್ವಲ್ಪ ಕಷ್ಟ. ದೊಡ್ಡಬಳ್ಳಾಪುರದವರಿಗೆ ಸುಲಭ. ಮಗ್ಗದ ಮೇಲೆ ಜಕಾರ್ಡ್ ಕೂತಿರೋದನ್ನ ನೋಡಿದವರಿಗೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಗೊತ್ತೇ ಇರುತ್ತೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತೆ, ಇಲ್ಲದ ಕಡೆ ಏಳಲ್ಲ. ಹೀಗೆ ಕಾರ್ಡ್ ಒಂದೊಂದಾಗಿ ಸರಿದಂತೆ ಸೀರೆಯ ಸೆರಗಿನಲ್ಲಿ ನವಿಲು ಮೂಡುತ್ತೆ. ಕಾರ್ಡಿನಲ್ಲಿ ನವಿಲಿನ ಚಿತ್ರ ಇಲ್ಲ. ಯಾವ ಎಳೆ, ಯಾವಾಗ ಅನ್ನೋ ಅಪ್ಪಣೆ ಮಾತ್ರ ಇದೆ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ಮಗ್ಗಕ್ಕೆ ಹೊಂದಿಸಿದ ಉಪಾಯ ಇದು. ತಾನೇ ನುಡಿಯೋ ಪಿಯಾನೋ ಕೂಡ ಇದೇ ದಾರಿ ಹಿಡೀತು. ಎಳೆಯ ಬದಲು ಕೀ, ಅಷ್ಟೇ.

ಹಾಳೆ ಸುರುಳಿಯ ಕಾಲ

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಡ್ವಿನ್ ವೋಟಿ ಅನ್ನುವವರು 1895ರಲ್ಲಿ ‘ಪಿಯಾನೋಲಾ’ ತಯಾರಿಸಿದ್ರು. ಮೊದಲು ಅದು ಪಿಯಾನೋದ ಒಳಗಿರಲಿಲ್ಲ. ಮಾಮೂಲಿ ಪಿಯಾನೋದ ಮುಂದೆ ತಂದು ನಿಲ್ಲಿಸೋ ಬೀರುವಿನಂಥ ಪೆಟ್ಟಿಗೆ. ಅದರ ಹಿಂಭಾಗದಿಂದ ಮರದ ಬೆರಳುಗಳು ಚಾಚಿ ಕೀಗಳನ್ನ ಒತ್ತುತ್ತಿದ್ದವು. ಆಮೇಲೆ ಯಂತ್ರ ಪಿಯಾನೋದ ಹೊಟ್ಟೆಯೊಳಗೇ ಸೇರಿಕೊಳ್ತು.

ಅದು ನಡೀತಿದ್ದದ್ದು ಗಾಳಿಯಿಂದ. ಹಾರ್ಮೋನಿಯಂ ನುಡಿಸುವವರು ಒಂದು ಕೈಯಲ್ಲಿ ತಿದಿ ಒತ್ತಿ ಗಾಳಿ ಒಳಗೆ ತಳ್ತಾರಲ್ಲ, ಇಲ್ಲಿ ಕಾಲಿನ ಪೆಡಲ್ ತುಳಿದು ಗಾಳಿಯನ್ನ ಹೊರಗೆ ಎಳೀತಾರೆ. ತೂತುಗಳಿರೋ ಹಾಳೆಯ ಸುರುಳಿ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಜಾರುತ್ತೆ. ಪಟ್ಟಿಯಲ್ಲಿ ಕೀಗೆ ಒಂದರಂತೆ ಸಣ್ಣ ಕಿಂಡಿಗಳು. ಹಾಳೆಯ ತೂತು ಕಿಂಡಿಯ ಮೇಲೆ ಬಂದ ಕ್ಷಣ ಗಾಳಿ ಒಳಗೆ ನುಗ್ಗುತ್ತೆ, ಒಂದು ಕವಾಟ ಅಲುಗುತ್ತೆ, ಪುಟ್ಟದೊಂದು ತಿದಿ ಮುದುಡಿಕೊಂಡು ಸುತ್ತಿಗೆಯನ್ನ ತಂತಿಗೆ ಹೊಡೆಸುತ್ತೆ. ತೂತು ಉದ್ದ ಇದ್ರೆ ಸ್ವರ ಉದ್ದ.

ಶುರುವಿನಲ್ಲಿ ಒಂದೊಂದು ಕಂಪನಿದು ಒಂದೊಂದು ಅಳತೆ. ಒಬ್ಬರ ಸುರುಳಿ ಇನ್ನೊಬ್ಬರ ಪಿಯಾನೋಗೆ ಕೂರ್ತಾ ಇರಲಿಲ್ಲ. 1908ರಲ್ಲಿ ಬಫಲೋ ನಗರದಲ್ಲಿ ತಯಾರಕರೆಲ್ಲ ಕೂತು ಹಾಳೆಯ ಅಗಲ ಹನ್ನೊಂದೂಕಾಲು ಇಂಚು, ಇಂಚಿಗೆ 9 ತೂತು, ಒಟ್ಟು 88 ಸ್ವರ ಅಂತ ಒಪ್ಪಿಕೊಂಡ್ರು. ಈ ಒಪ್ಪಂದದ ಮಹತ್ವ ಈಗ ಗೊತ್ತಾಗ್ತಿದೆ: ಅಂದು ಮಾಡಿದ ಸುರುಳಿಯನ್ನ, ಹಾಳೆ ಹರಿಯದೆ ಉಳಿದಿದ್ರೆ, ಸುಸ್ಥಿತಿಯಲ್ಲಿರೋ ಯಾವ ಕಂಪನಿಯ 88 ಸ್ವರದ ಪಿಯಾನೋದಲ್ಲಾದ್ರೂ ಇವತ್ತೂ ನುಡಿಸಬಹುದು.

ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಕಂಪನಿ 1904ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಯಾವ ಕೀ, ಎಷ್ಟು ಹೊತ್ತು ಅನ್ನೋದರ ಜೊತೆಗೆ ಎಷ್ಟು ಜೋರು, ಎಷ್ಟು ಮೆಲ್ಲಗೆ ಅನ್ನೋದನ್ನೂ ಹಾಳೆಯ ಅಂಚಿನ ತೂತುಗಳಲ್ಲಿ ಬರೆದಿಟ್ಟಿತು. ಹಾಗಾಗಿ ಮಾಲರ್, ಗ್ರೀಗ್, ಡೆಬ್ಯೂಸಿಯಂಥ ಸಂಗೀತಗಾರರು ತಾವೇ ಕೂತು ನುಡಿಸಿದ್ದು ಸುರುಳಿಗಳಲ್ಲಿ ಉಳೀತು. 1920ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ತಯಾರಾಗ್ತಿದ್ದ ಪಿಯಾನೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾನೇ ನುಡಿಯೋ ಬಗೆಯವು. ಆಮೇಲೆ ರೇಡಿಯೊ ಬಂತು, ಗ್ರಾಮಫೋನ್ ಸುಧಾರಿಸಿತು, 1929ರ ಆರ್ಥಿಕ ಕುಸಿತ ಉಳಿದದ್ದನ್ನ ಮುಗಿಸಿತು.

ಗಾಳಿ ಹೋಯ್ತು, ಕರೆಂಟ್ ಬಂತು

ಈಗಿನ ಪಿಯಾನೋಗಳಲ್ಲಿ ತಿದಿ ಇಲ್ಲ. ಪ್ರತಿ ಕೀಯ ಹಿಂತುದಿಯ ಕೆಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್, ಅದರ ನಡುವೆ ಕಬ್ಬಿಣದ ಕಡ್ಡಿ. ಕರೆಂಟ್ ಹರಿದ್ರೆ ಕಡ್ಡಿ ಚಿಮ್ಮಿ ಕೀಯನ್ನ ತಳ್ಳುತ್ತೆ. ಮನೆಯ ‘ಡಿಂಗ್ ಡಾಂಗ್’ ಕಾಲಿಂಗ್ ಬೆಲ್ ಒಳಗೆ ಇರೋದೂ ಇದೇ ತಂತ್ರ. ಕರೆಂಟ್ ಹೆಚ್ಚು ಕೊಟ್ರೆ ಜೋರು, ಕಡಿಮೆ ಕೊಟ್ರೆ ಮೆಲ್ಲಗೆ.

ಜಪಾನಿನ ಯಮಹಾ ಕಂಪನಿ 1980ರ ದಶಕದಲ್ಲಿ ‘ಡಿಸ್ಕ್‌ಲೇವಿಯರ್’ ತಂದಿತು. ಹೆಸರಲ್ಲೇ ಡಿಸ್ಕ್ ಇದೆ, ಯಾಕಂದ್ರೆ ಹಾಡು ಬರ್ತಿದ್ದದ್ದು ಫ್ಲಾಪಿಯಲ್ಲಿ. ಹಳೇ ಪಿಯಾನೋಗಳಿಗೇ ಯಂತ್ರ ಕೂರಿಸಿಕೊಡೋ ಪಿಯಾನೋಡಿಸ್ಕ್, ಕ್ಯೂಆರ್‌ಎಸ್‌ನಂಥ ಕಂಪನಿಗಳೂ ಇವೆ. ಡಿಸ್ಕ್‌ಲೇವಿಯರ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಇನ್ನೊಂದು ಅನುಕೂಲ: ಯಾರಾದ್ರೂ ಕೂತು ನುಡಿಸಿದ್ರೆ ಅದು ಅದನ್ನ ಬರೆದುಕೊಳ್ಳುತ್ತೆ, ಆಮೇಲೆ ಹಾಗೇ ನುಡಿಸಿ ತೋರಿಸುತ್ತೆ.

ಹಾಗಾದ್ರೆ ಅದು ಬರೆದುಕೊಳ್ಳೋದು ಏನನ್ನ? ಇಲ್ಲಿ ಬರೋದು ‘ಮಿಡಿ’. ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ ಅಲ್ಲ. 1983ರಲ್ಲಿ ಜಪಾನ್ ಮತ್ತು ಅಮೆರಿಕದ ಕೀಬೋರ್ಡ್ ತಯಾರಕರು ಸೇರಿ ಒಪ್ಪಿಕೊಂಡ ಒಂದು ಸಂಕೇತ ಭಾಷೆ. ಅದರಲ್ಲಿ ಪಿಯಾನೋದ ನಡು ಭಾಗದ ‘ಸಿ’ ಸ್ವರಕ್ಕೆ 60 ಅನ್ನೋ ಅಂಕಿ. ಒತ್ತಿದ ರಭಸಕ್ಕೆ 127ರವರೆಗೆ ಅಂಕಿ. ಕಾಲಿನ ಪೆಡಲ್‌ಗೆ 64ನೇ ಸಂಖ್ಯೆಯ ಆಜ್ಞೆ. ‘60ನೇ ಕೀ, 80ರ ರಭಸದಲ್ಲಿ ಒತ್ತು; ಇಷ್ಟು ಹೊತ್ತಾದ ಮೇಲೆ ಬಿಡು’ — ಇಂಥ ಸಾಲುಗಳೇ ಫೈಲ್ ತುಂಬ. ಹಳೇ ನೋಕಿಯಾ ಫೋನ್‌ಗಳ ಪಾಲಿಫೋನಿಕ್ ರಿಂಗ್‌ಟೋನ್ ನೆನಪಿರೋರಿಗೆ ಈ ಜಾತಿಯ ಫೈಲ್ ಹೊಸದಲ್ಲ.

ಅಂದ್ರೆ ಎಂಪಿ3ಯಲ್ಲಿ ಇರೋದು ಧ್ವನಿ, ಮಿಡಿಯಲ್ಲಿ ಇರೋದು ಬೆರಳು. ಈ ವ್ಯತ್ಯಾಸ ದೊಡ್ಡದು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರು ರಷ್ಯಾ ಮೂಲದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಾದಕ, ಸಂಗೀತ ರಚನಕಾರರ ಅಭಿಮಾನಿ. 1940ರ ದಶಕದ ಕೊನೆಯಲ್ಲಿ ತಾವೇ ಹಣ ಕೊಟ್ಟು ಲಂಡನ್ನಿನಲ್ಲಿ ಅವರ ಸಂಗೀತವನ್ನ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದ್ರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೊವನ್ನ ಮಹಾರಾಜರಿಗೇ ಅರ್ಪಿಸಿದ್ದಾರೆ. ಆ ತಟ್ಟೆಗಳಲ್ಲಿ ಇರೋದು ಅಂದಿನ ಧ್ವನಿ, ಜೊತೆಗೆ ಅಂದಿನ ತಟ್ಟೆಯ ಕರಕರ ಸದ್ದು. ಸುರುಳಿ ಅಥವಾ ಮಿಡಿಯಾದ್ರೆ ಹಾಗಲ್ಲ. ಅಲ್ಲಿ ಕರಕರ ಇಲ್ಲ. ಆದ್ರೆ ಅಂದಿನ ಕೋಣೆಯೂ ಇಲ್ಲ, ಅಂದಿನ ಪಿಯಾನೋವೂ ಇಲ್ಲ. ಇವತ್ತಿನ ತಂತಿಯ ಮೇಲೆ ಅಂದಿನ ಬೆರಳಷ್ಟೇ ಓಡುತ್ತೆ. ಯಾವುದು ಮೇಲು ಅನ್ನೋ ಜಗಳ ಸಂಗೀತಪ್ರಿಯರಲ್ಲಿ ಇದ್ದೇ ಇದೆ. ಎರಡೂ ಬೇರೆ ಬೇರೆ ಸಾಮಾನು ಅಂದುಕೊಂಡ್ರೆ ಜಗಳ ಬೇಕಿಲ್ಲ.

ಬೆರಳನ್ನ ಬರೆಯೋದಕ್ಕೆ ಜಾಗ ಬೇಕಿರೋದೂ ತೀರಾ ಕಡಿಮೆ. ಮೂರು ನಿಮಿಷದ ಹಾಡಿನಲ್ಲಿ 2000 ಸಲ ಕೀ ಒತ್ತಿದ್ರೂ ಫೈಲ್ ಸುಮಾರು 20 ಕೆಬಿ ಆಗುತ್ತೆ. 720 ಕೆಬಿಯ ಒಂದು ಫ್ಲಾಪಿಯಲ್ಲಿ ಇಂಥ ಮೂವತ್ತು ಹಾಡು ಆರಾಮಾಗಿ ಕೂರುತ್ತೆ. ಅದೇ ಮೂರು ನಿಮಿಷದ ಸಾಧಾರಣ ಎಂಪಿ3ಗೆ ಅಂಥ ನಾಲ್ಕು ಫ್ಲಾಪಿ ಬೇಕು.

ಪೆನ್‌ಡ್ರೈವ್ ಹಾಕಿದ್ರೂ ಯಾಕೆ ಸರಿಯಾಗಿ ನುಡಿಯಲ್ಲ?

ಮೊದಲ ತಪ್ಪು ಎಂಪಿ3 ಹಾಕೋದು. ಪಿಯಾನೋಗೆ ಸ್ಪೀಕರ್ ಜೋಡಿಸಿದ್ರೆ ಅದರಿಂದ ಹಾಡು ಬರಬಹುದು, ಆದ್ರೆ ಕೀ ಅಲುಗಲ್ಲ. ಧ್ವನಿಯನ್ನ ಕೇಳಿ ಬೆರಳನ್ನ ಊಹಿಸೋ ಸಾಫ್ಟ್‌ವೇರ್ ಈಗ ಬಂದಿವೆ. ಸ್ವಾರಸ್ಯ ಅಂದ್ರೆ ಇವುಗಳಲ್ಲಿ ಹಲವು ಕಲಿತದ್ದು ಡಿಸ್ಕ್‌ಲೇವಿಯರ್‌ಗಳಿಂದಲೇ. ಅಮೆರಿಕದ ಪಿಯಾನೋ ಸ್ಪರ್ಧೆಯೊಂದರಲ್ಲಿ ಸ್ಪರ್ಧಿಗಳು ನುಡಿಸಿದ್ದನ್ನ ಧ್ವನಿಯಾಗಿಯೂ ಬೆರಳಾಗಿಯೂ ಒಟ್ಟಿಗೆ ದಾಖಲಿಸಿದ, ಸುಮಾರು 200 ಗಂಟೆಯ ಸಂಗ್ರಹವನ್ನ ಗೂಗಲ್‌ನ ಸಂಶೋಧಕರು ಸಿದ್ಧಪಡಿಸಿ ಎಲ್ಲರಿಗೂ ಬಿಟ್ಟರು. ಬರೀ ಪಿಯಾನೋ ಇರೋ ರೆಕಾರ್ಡಿಂಗ್ ಆದ್ರೆ ಈ ಸಾಫ್ಟ್‌ವೇರ್‌ಗಳ ಫಲ ಚೆನ್ನಾಗಿರುತ್ತೆ. ತಬಲ, ಕೊಳಲು, ಹಾಡುಗಾರಿಕೆ ಸೇರಿದ ಸಿನಿಮಾ ಹಾಡು ಕೊಟ್ರೆ ಕಿಚಡಿ.

ಎರಡನೇದು ಚಾನೆಲ್. ಒಂದು ಮಿಡಿ ಫೈಲ್‌ನಲ್ಲಿ 16 ಚಾನೆಲ್ ಇರಬಹುದು. ಒಂದೊಂದು ವಾದ್ಯಕ್ಕೆ ಒಂದೊಂದು. ಸಾಮಾನ್ಯ ಪದ್ಧತಿಯಲ್ಲಿ 10ನೇದು ಡ್ರಮ್ಸ್‌ಗೆ ಮೀಸಲು. ಇಂಟರ್‌ನೆಟ್‌ನಿಂದ ಇಳಿಸಿದ ಸಿನಿಮಾ ಹಾಡಿನ ಮಿಡಿಯಲ್ಲಿ ಎಲ್ಲ ಚಾನೆಲ್‌ಗಳನ್ನೂ ಕೀಗಳಿಗೆ ಬಿಟ್ರೆ ಪಿಯಾನೋ ಡೋಲಕ್‌ನ ಪಾಲನ್ನೂ ತಾನೇ ಬಡಿಯೋಕೆ ಹೋಗುತ್ತೆ. ಎಡಬದಿಯ ದಪ್ಪ ಸ್ವರಗಳು ಸುಮ್ಮನೆ ಕುಟ್ಟಿಕೊಳ್ಳೋದು ಇದರಿಂದಲೇ. ಉಚಿತ ಮಿಡಿ ಎಡಿಟರ್‌ನಲ್ಲಿ ಫೈಲ್ ತೆರೆದು ಪಿಯಾನೋ ಪಾಲನ್ನ ಮಾತ್ರ ಉಳಿಸಿ, ಪಿಯಾನೋ ಓದೋ ಚಾನೆಲ್‌ಗೆ ಹಾಕಿ ಬೇರೆ ಹೆಸರಲ್ಲಿ ಸೇವ್ ಮಾಡ್ಬೇಕು. ಯಾವ ಚಾನೆಲ್ ಓದುತ್ತೆ ಅನ್ನೋದು ಪಿಯಾನೋದ ಸೆಟ್ಟಿಂಗ್‌ನಲ್ಲಿ ಇರುತ್ತೆ.

ಇನ್ನು ಫೈಲಿನ ಬಗೆ. ಮಿಡಿ ಫೈಲ್‌ನಲ್ಲಿ ‘ಟೈಪ್ 0’, ‘ಟೈಪ್ 1’ ಅಂತ ಎರಡು ಮುಖ್ಯ ಬಗೆ. ಮೊದಲನೇದರಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ, ಎರಡನೇದರಲ್ಲಿ ಪಾಲು ಪಾಲಾಗಿ. ಹಳೇ ಯಂತ್ರಗಳಲ್ಲಿ ಹಲವಕ್ಕೆ ಟೈಪ್ 0 ಮಾತ್ರ ಅರ್ಥ ಆಗುತ್ತೆ. ಇನ್ನೂ ಹಳೇ ಡಿಸ್ಕ್‌ಲೇವಿಯರ್‌ಗಳಿಗೆ ಅದೂ ಆಗಲ್ಲ, ಯಮಹಾದ್ದೇ ಆದ ‘ಇ-ಸೆಕ್’ ಬಗೆಯ ಫೈಲ್ ಬೇಕು, ಫ್ಲಾಪಿಯಲ್ಲಿ ಅದಕ್ಕೊಂದು ಸೂಚಿ ಫೈಲ್ ಕೂಡ ಇರ್ಬೇಕು. ಇದನ್ನ ಅದಕ್ಕೆ, ಅದನ್ನ ಇದಕ್ಕೆ ಬದಲಾಯಿಸೋ ಉಚಿತ ಸಾಫ್ಟ್‌ವೇರ್‌ಗಳನ್ನ ಪಿಯಾನೋ ಇಟ್ಟುಕೊಂಡವರೇ ಬರೆದು ಹಂಚಿದ್ದಾರೆ.

ಅರ್ಧ ಸೆಕೆಂಡಿನ ಗೋಜಲೂ ಒಂದಿದೆ. ಮೆಲ್ಲಗೆ ಹೊಡೆಯೋ ಸುತ್ತಿಗೆ ತಂತಿ ಮುಟ್ಟೋಕೆ ಜಾಸ್ತಿ ಹೊತ್ತು ತಗೊಳ್ಳುತ್ತೆ, ಜೋರಾಗಿ ಹೊಡೆಯೋದು ಬೇಗ ಮುಟ್ಟುತ್ತೆ. ಎರಡನ್ನೂ ಒಂದೇ ಕ್ಷಣಕ್ಕೆ ತರಬೇಕು ಅಂತ ಡಿಸ್ಕ್‌ಲೇವಿಯರ್ ಎಲ್ಲ ಸ್ವರಗಳನ್ನೂ ಅರ್ಧ ಸೆಕೆಂಡ್ ತಡೆದು, ಲೆಕ್ಕ ಹಾಕಿ ನುಡಿಸುತ್ತೆ. ಪಿಯಾನೋ ಒಂದೇ ಇದ್ರೆ ಇದು ಗೊತ್ತೇ ಆಗಲ್ಲ. ಟ್ಯಾಬ್‌ನಲ್ಲಿ ವಿಡಿಯೊ ಓಡಿಸಿ ಜೊತೆಗೆ ಪಿಯಾನೋ ನುಡಿಸೋಕೆ ಹೋದ್ರೆ ತಾಳ ತಪ್ಪುತ್ತೆ. ಆಗ ವಿಡಿಯೊದ ಧ್ವನಿಯನ್ನೇ ಅರ್ಧ ಸೆಕೆಂಡ್ ಹಿಂದಕ್ಕೆ ಸರಿಸಬೇಕು.

ಕರ್ನಾಟಕ ಸಂಗೀತ ಕೇಳೋ ಮನೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡೋದು ಒಳ್ಳೇದು. ಕೀಬೋರ್ಡ್‌ನಲ್ಲಿ ಚಕ್ರ ತಿರುಗಿಸಿ ಸ್ವರ ಎಳೆದು ಗಮಕ ತರ್ತಾರಲ್ಲ, ಆ ‘ಪಿಚ್ ಬೆಂಡ್’ ಆಜ್ಞೆ ಮಿಡಿ ಫೈಲ್‌ನಲ್ಲಿ ಬರೆದಿರುತ್ತೆ. ಪಿಯಾನೋ ಅದನ್ನ ಮಾಡಲಾರದು. ಬಿಗಿದು ಕಟ್ಟಿದ ಉಕ್ಕಿನ ತಂತಿಯನ್ನ ಸುತ್ತಿಗೆ ಎಳೆಯೋಕೆ ಆಗಲ್ಲ. ತೋಡಿ ರಾಗದ ಕೃತಿ ಹಾಕಿದ್ರೆ ಗಮಕ ಎಲ್ಲ ಉದುರಿ ಬರೀ ಮೂಳೆ ಕೇಳುತ್ತೆ. ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳು ಮಾತ್ರ ಚೆನ್ನಾಗಿ ಒಗ್ಗುತ್ತವೆ. ಪಾಶ್ಚಾತ್ಯ ಧಾಟಿಗಳ ಮೇಲೇ ಅವು ಕಟ್ಟಿದವು. ಅಲ್ಲಿ ಗಮಕದ ಹಂಗಿಲ್ಲ.

ಫ್ಲಾಪಿಯಲ್ಲಿ ಸಿಕ್ಕಿಬಿದ್ದ ಬೆರಳುಗಳು

ಇಷ್ಟೆಲ್ಲ ಇದ್ರೂ ನಿಜವಾದ ತಲೆನೋವು ಬೇರೆ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರಾಟವನ್ನೇ ನಿಲ್ಲಿಸಿತು. ಫ್ಲಾಪಿ ಅಂದ್ರೆ ಪ್ಲಾಸ್ಟಿಕ್ ಬಿಲ್ಲೆಗೆ ಬಳಿದ ಕಾಂತೀಯ ಪುಡಿ. ಧೂಳು, ತೇವ, ಬೂಷ್ಟು ಎಲ್ಲಕ್ಕೂ ಅದು ಸೋಲುತ್ತೆ. ನೂರು ವರ್ಷದ ಹಿಂದಿನ ಹಾಳೆಯ ಸುರುಳಿ ಕಣ್ಣಿಗೆ ಕಾಣುತ್ತೆ, ಹರಿದ್ರೆ ಅಂಟಿಸಬಹುದು. 1992ರ ಫ್ಲಾಪಿ ಕೆಟ್ಟರೆ ಕೆಟ್ಟಿದೆ ಅನ್ನೋದೂ ಹೊರಗಿಂದ ಗೊತ್ತಾಗಲ್ಲ.

ಅಂಗಡಿಯಲ್ಲಿ ಕೊಂಡ ಹಾಡಿನ ಫ್ಲಾಪಿ ಹೋದ್ರೆ ಅಂಥ ನಷ್ಟ ಏನಿಲ್ಲ, ಬೇರೆ ಕಡೆ ಸಿಗಬಹುದು. ಮನೆಯವರು ನುಡಿಸಿ ದಾಖಲಿಸಿದ್ದು ಹಾಗಲ್ಲ. ಅಮೆರಿಕ, ಸಿಂಗಪುರದ ಕಡೆ ಇರೋ ಕುಟುಂಬಗಳು ಸೆಕೆಂಡ್ ಹ್ಯಾಂಡ್ ಡಿಸ್ಕ್‌ಲೇವಿಯರ್ ಕೊಂಡಾಗ ಹಿಂದಿನ ಮಾಲೀಕರ ಪೆಟ್ಟಿಗೆ ತುಂಬ ಫ್ಲಾಪಿ ಜೊತೆಗೇ ಬರೋದುಂಟು. ಅದರಲ್ಲಿ ಯಾರದೋ ಮಗಳು ಹತ್ತನೇ ವಯಸ್ಸಿನಲ್ಲಿ ತಡವರಿಸಿ ನುಡಿಸಿದ ಪಾಠ ಇರಬಹುದು, ಈಗ ಇಲ್ಲದ ಅಜ್ಜಿ ಸಂಜೆ ಹೊತ್ತು ನುಡಿಸ್ತಿದ್ದ ಹಾಡು ಇರಬಹುದು. ಫೋಟೊ, ವಿಡಿಯೊಗಿಂತ ಇದು ಬೇರೆ. ಇಲ್ಲಿ ಅವರು ಎಲ್ಲಿ ತಡೆದರು, ಯಾವ ಬೆರಳು ಬಲವಾಗಿತ್ತು ಅನ್ನೋದು ಅದೇ ಪಿಯಾನೋದ ಕೀಗಳ ಮೇಲೆ ಮತ್ತೆ ನಡೆಯುತ್ತೆ.

ಉಳಿಸೋ ದಾರಿ ಕಷ್ಟದ್ದೇನಲ್ಲ, ತಾಳ್ಮೆ ಬೇಕು. ಮೊದಲು ಫ್ಲಾಪಿಯ ಮೂಲೆಯ ಕಿಂಡಿಯನ್ನ ‘ಬರೆಯಬೇಡ’ ಸ್ಥಿತಿಗೆ ಸರಿಸಬೇಕು. ಯುಎಸ್‌ಬಿ ಫ್ಲಾಪಿ ಡ್ರೈವ್ ಆನ್‌ಲೈನ್‌ನಲ್ಲಿ ಈಗಲೂ ಸಿಗುತ್ತೆ. ಅದರಿಂದ ಕಂಪ್ಯೂಟರಿಗೆ ಇಡೀ ಫ್ಲಾಪಿಯ ಪ್ರತಿ ತೆಗೀಬೇಕು. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡ್ಲಾ?’ ಅಂತ ಕೇಳಿದ್ರೆ ಅಪ್ಪಿತಪ್ಪಿಯೂ ಹೂಂ ಅನ್ಬಾರ್ದು. ಫ್ಲಾಪಿಯ ಬಗೆ ಅದಕ್ಕೆ ಗೊತ್ತಾಗದೇ ಹೋದಾಗಲೂ ಹಾಗೆ ಕೇಳುತ್ತೆ, ಫ್ಲಾಪಿ ಖಾಲಿ ಅಂತಲ್ಲ. ಮಾರಾಟದ ಕೆಲವು ಫ್ಲಾಪಿಗಳಿಗೆ ನಕಲು ತಡೆಯೋ ಬೀಗವೂ ಇತ್ತು.

ಪಿಯಾನೋದ ಡ್ರೈವ್ ಕೈಕೊಟ್ಟಿದ್ರೆ ಅದೇ ಜಾಗದಲ್ಲಿ ಕೂರೋ ‘ಫ್ಲಾಪಿ ಎಮ್ಯುಲೇಟರ್’ ಹಾಕಿಸಬಹುದು. ಹೊರಗೆ ಪೆನ್‌ಡ್ರೈವ್ ಚುಚ್ಚೋ ಜಾಗ, ಪಿಯಾನೋಗೆ ಮಾತ್ರ ಅದು ಫ್ಲಾಪಿ ಅಂತಲೇ ಅನ್ನಿಸುತ್ತೆ. ಒಂದೇ ಪೆನ್‌ಡ್ರೈವ್‌ನಲ್ಲಿ ನೂರಾರು ಫ್ಲಾಪಿಯಷ್ಟು ಹಾಡು. ನಮ್ಮ ಕಡೆ ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿದ ಮಗ್ಗಗಳಲ್ಲಿ ಕಾರ್ಡಿನ ಸರ ಹೋಗಿ ಡಿಸೈನ್ ಫೈಲ್ ಬಂದಿಲ್ವಾ, ಹಾಗೇ.

ಹೆಸರಿನ ವಿಷಯದಲ್ಲಿ ಸ್ವಲ್ಪ ಜಿಪುಣತನ ಬಿಡ್ಬೇಕು. ಹಳೇ ಫ್ಲಾಪಿಯಲ್ಲಿ ಫೈಲ್ ಹೆಸರಿಗೆ ಎಂಟೇ ಅಕ್ಷರ, ಹಾಗಾಗಿ ‘ಪಿಯಾನೋ01’, ‘ಪಿಯಾನೋ02’ ಅಂತಲೇ ಇರುತ್ತೆ. ಪ್ರತಿ ತೆಗೆದ ಮೇಲೆ ಮೂಲ ಫೈಲ್‌ಗಳನ್ನ ಮುಟ್ಟದೆ ಒಂದು ಫೋಲ್ಡರ್‌ನಲ್ಲಿ ಇಟ್ಟು, ಇನ್ನೊಂದು ಪ್ರತಿಗೆ ಹಾಡು, ನುಡಿಸಿದವರು, ವರ್ಷ ಸೇರಿಸಿ ಹೆಸರಿಡೋದು ವಾಸಿ. ಎಡಿಟ್ ಮಾಡೋದೆಲ್ಲ ಆ ಎರಡನೇ ಪ್ರತಿಯಲ್ಲೇ.

ಹಾಳೆಯ ಸುರುಳಿಗಳನ್ನೂ ಈಗ ಫೈಲ್ ಮಾಡ್ತಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸಾವಿರಾರು ಸುರುಳಿಗಳನ್ನ ಸಂಗ್ರಹಿಸಿ, ವಿಶೇಷ ಸ್ಕ್ಯಾನರ್‌ನಲ್ಲಿ ಚಿತ್ರ ತೆಗೆದು ಮಿಡಿಗೆ ತರೋ ಕೆಲಸ ನಡೆಸಿದೆ. ತೂತು ಎಣಿಸಿದ್ರೆ ಮುಗೀತು ಅಂದ್ಕೊಂಡ್ರೆ ತಪ್ಪು. ಸುರುಳಿ ಸುತ್ತಿಕೊಳ್ತಾ ಹೋದಂತೆ ಎಳೆಯೋ ರಾಟೆ ದಪ್ಪ ಆಗುತ್ತೆ, ಹಾಳೆಯ ವೇಗ ನಿಧಾನಕ್ಕೆ ಏರುತ್ತೆ. ಅದನ್ನ ಲೆಕ್ಕಕ್ಕೆ ಹಿಡಿಯದಿದ್ರೆ ಹಾಡು ಕೊನೆಕೊನೆಗೆ ಎಳೆದಂತಾಗುತ್ತೆ.

ಹಕ್ಕು ಯಾರದು?

ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲಿ ಒಂದು ವಿಚಿತ್ರ ತೀರ್ಪು ಕೊಟ್ಟಿತ್ತು: ಸುರುಳಿಯ ತೂತುಗಳನ್ನ ಮನುಷ್ಯರು ಕಣ್ಣಲ್ಲಿ ನೋಡಿ ಓದೋಕೆ ಆಗಲ್ಲ, ಆದ್ದರಿಂದ ಅದು ಸಂಗೀತದ ‘ನಕಲು’ ಅಲ್ಲ, ರಚನಕಾರರಿಗೆ ಕಾಸು ಕೊಡಬೇಕಿಲ್ಲ. ಮರುವರ್ಷವೇ ಅಲ್ಲಿನ ಸಂಸತ್ತು ಕಾನೂನು ಬದಲಿಸಿ ಪ್ರತಿ ಸುರುಳಿಗೆ ಎರಡು ಸೆಂಟ್ ಕೊಡಬೇಕು ಅಂತ ಮಾಡಿತು. ನಮ್ಮಲ್ಲಿ ಸಂಗೀತ ರಚನೆಯ ಹಕ್ಕು ರಚನಕಾರರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ತ್ಯಾಗರಾಜರು, ಪುರಂದರದಾಸರು, ಬೀಥೋವನ್ ಇವರ ರಚನೆಗಳಿಗೆ ಅಡ್ಡಿ ಇಲ್ಲ. ಸಿನಿಮಾ ಹಾಡಿನ ಮಿಡಿಯನ್ನ ಮನೆಯಲ್ಲಿ ಕೇಳೋದು ಬೇರೆ, ಕಲ್ಯಾಣ ಮಂಟಪ ಅಥವಾ ಹೋಟೆಲಿನಲ್ಲಿ ಗಿರಾಕಿಗಳಿಗೆ ಕೇಳಿಸೋದು ಬೇರೆ. ಎರಡನೇದಕ್ಕೆ ಪರವಾನಗಿಯ ಪ್ರಶ್ನೆ ಬರುತ್ತೆ.

ಹಳೇ ಪಿಯಾನೋ ಮಾರೋರು, ಶಾಲೆಗೋ ಚರ್ಚಿಗೋ ದಾನ ಕೊಡೋರು ಒಂದು ಕೆಲಸ ಮಾಡಬಹುದು. ಕೀಗಳ ಕೆಳಗೋ, ಪಕ್ಕದ ಕಂಟ್ರೋಲ್ ಬಾಕ್ಸ್‌ನಲ್ಲೋ ಇರೋ ಫ್ಲಾಪಿ ಕಿಂಡಿಯ ಗುಂಡಿ ಒಮ್ಮೆ ಒತ್ತಿ ನೋಡಿ. ಕೊನೇ ಸಲ ಯಾರೋ ನುಡಿಸಿದಾಗ ಹಾಕಿದ ಫ್ಲಾಪಿ ಅಲ್ಲೇ ಉಳಿದಿರಬಹುದು.